ಮಿಕ್ಸಿಂಗ್ ಟ್ಯೂಬ್ ಬೇಗ ಸವೆದರೆ ಮೊದಲು ಹರಳನ್ನು ನೋಡಿ

ಅತಿ ಒತ್ತಡದ ನೀರಿನಿಂದ ಲೋಹ ಕತ್ತರಿಸುವ ವಾಟರ್‌ಜೆಟ್ ಯಂತ್ರದ ಕೆಲಸಕ್ಕೆ ಸೇರಿದ ಮೊದಲ ವರ್ಷ, ನನ್ನ ಒಂದು ತಪ್ಪು ತಿಳಿವಳಿಕೆಯಿಂದ ಮೂರು ಮಿಕ್ಸಿಂಗ್ ಟ್ಯೂಬ್‌ಗಳು (ನೀರು ಮತ್ತು ಉಜ್ಜುವ ಪುಡಿ ಬೆರೆತು ಹೊರಬರುವ ಕೊನೆಯ ಕೊಳವೆ) ಅಕಾಲದಲ್ಲಿ ಹಾಳಾದವು. ಉಕ್ಕಿನ ಫ್ಲ್ಯಾಂಜ್‌ಗಳಲ್ಲಿ ಕತ್ತರಿಸಿದ ರಂಧ್ರಗಳು ದುಂಡಗೆ ಬಾರದೆ ಒಂದು ದಿಕ್ಕಿಗೆ ತುಸು ಉದ್ದವಾಗತೊಡಗಿದ್ದವು. ಟ್ಯೂಬ್ ಸವೆದಿದೆಯೆಂದು ಬದಲಿಸಿದೆ. ಹೊಸದು ಹಾಕಿದ ದಿನ ಅಳತೆ ಸರಿಯಾಗಿತ್ತು. ಮರುದಿನದ ಶಿಫ್ಟ್ ಮುಗಿಯುವುದರೊಳಗೆ ಅದೇ ದೋಷ ಮರಳಿತು. ಸರಬರಾಜಾದ ಟ್ಯೂಬ್‌ಗಳೇ ಕಳಪೆಯೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಕಟಿಂಗ್ ಹೆಡ್‌ನೊಳಗೆ ನಡೆಯುವುದೇನೆಂದು ಆಗ ನಾನು ಯೋಚಿಸಿರಲಿಲ್ಲ. ಪಂಪಿನಿಂದ ಸುಮಾರು 4,000 ಬಾರ್ ಒತ್ತಡದಲ್ಲಿ ಬರುವ ನೀರು ಮೊದಲು ಆರಿಫಿಸ್ ಎಂಬ ಹರಳಿನ ಸೂಕ್ಷ್ಮ ತೂತನ್ನು ಹಾಯುತ್ತದೆ. ಈ ಹರಳು ಮಾಣಿಕ್ಯ, ನೀಲಮಣಿ ಇಲ್ಲವೇ ವಜ್ರದ್ದಾಗಿರುತ್ತದೆ. ನಮ್ಮ ಹೆಡ್‌ನಲ್ಲಿ ಆ ತೂತಿನ ವ್ಯಾಸ 0.25 ಮಿ.ಮೀ. ಅಲ್ಲಿಂದ ಹೊರಟ ನೀರಿನ ಎಳೆ, ಪಕ್ಕದ ಕೊಳವೆಯಿಂದ ಗಾಳಿಯ ಜೊತೆಗೆ ಗಾರ್ನೆಟ್ ಎಂಬ ಗಟ್ಟಿ ಖನಿಜದ ಪುಡಿಯನ್ನು ಹೀರಿಕೊಂಡು, 0.76 ಮಿ.ಮೀ. ಒಳವ್ಯಾಸದ ಟಂಗ್‌ಸ್ಟನ್ ಕಾರ್ಬೈಡ್ ಮಿಕ್ಸಿಂಗ್ ಟ್ಯೂಬಿಗೆ ಇಳಿಯುತ್ತದೆ. ಎಳೆ ನಟ್ಟನಡುವೆ ಇಳಿದರೆ ಟ್ಯೂಬ್ ಸುತ್ತಲೂ ಸಮನಾಗಿ ಸವೆಯುತ್ತದೆ. ಹರಳಿನ ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ ಅಥವಾ ನೀರಿನಲ್ಲಿರುವ ಲವಣ ಅದಕ್ಕೆ ಕಟ್ಟಿಕೊಂಡಿದ್ದರೆ ಎಳೆ ಓರೆಯಾಗಿ, ಒಂದೇ ಬದಿಯ ಗೋಡೆಯನ್ನು ಉಜ್ಜುತ್ತದೆ.

ಮೂರನೆಯ ಟ್ಯೂಬ್ ಹಾಕುವಾಗ ಹಿರಿಯ ಆಪರೇಟರ್ ಒಬ್ಬರು ಬಂದು, ಟ್ಯೂಬಿನ ಮೇಲೂ ಹೆಡ್‌ನ ಮೇಲೂ ಒಂದೇ ನೇರಕ್ಕೆ ಮಾರ್ಕರ್ ಗೆರೆ ಎಳೆಯಲು ಹೇಳಿದರು. ಕೆಲವು ಗಂಟೆಗಳ ನಂತರ ಟ್ಯೂಬ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದಾಗ, ತುದಿಯ ರಂಧ್ರ ಗೆರೆಯ ಕಡೆಗೆ ಹಿಗ್ಗಿತ್ತು. ಅದನ್ನು 90 ಡಿಗ್ರಿ ತಿರುಗಿಸಿ ಹಾಕಿಸಿದರು. ಮತ್ತೆ ಬಿಚ್ಚಿದಾಗ, ಈ ಬಾರಿ ಹೆಡ್‌ನ ಗೆರೆಯ ನೇರಕ್ಕೆ ಬಂದಿದ್ದ ಹೊಸ ಬದಿಯೇ ಸವೆದಿತ್ತು. ದೋಷ ಟ್ಯೂಬಿನಲ್ಲಿದ್ದಿದ್ದರೆ ಅದು ಟ್ಯೂಬಿನೊಂದಿಗೇ ತಿರುಗಬೇಕಿತ್ತು. ಅದು ಹೆಡ್‌ನೊಂದಿಗೇ ಉಳಿದಿತ್ತು. ಅವರು ಹೆಚ್ಚೇನೂ ಹೇಳಲಿಲ್ಲ, ನನಗೂ ಕೇಳುವ ಮುಖವಿರಲಿಲ್ಲ.

ಬಳಿಕ ಟ್ಯೂಬ್ ತೆಗೆದು, ಗಾರ್ನೆಟ್ ನಿಲ್ಲಿಸಿ, ಕಡಿಮೆ ಒತ್ತಡದಲ್ಲಿ ಬರಿಯ ನೀರನ್ನು ಬಿಟ್ಟೆವು. ಗಾಜಿನ ಕಡ್ಡಿಯಂತೆ ನೆಟ್ಟಗೆ ಇಳಿಯಬೇಕಿದ್ದ ಎಳೆ ಹೆಡ್‌ನಿಂದ ಸ್ವಲ್ಪ ಕೆಳಗೇ ತುಂತುರಾಗಿ ಹರಡಿತು. ಪಂಪ್ ನಿಲ್ಲಿಸಿ, ಲೈನಿನ ಒತ್ತಡ ಪೂರ್ತಿ ಇಳಿದ ಮೇಲೆಯೇ ಹೆಡ್ ಬಿಚ್ಚಿದೆವು. ಈ ಕ್ರಮದಲ್ಲಿ ಅವಸರ ಮಾಡುವವರ ಪಕ್ಕದಲ್ಲಿ ನಾನು ನಿಲ್ಲುವುದಿಲ್ಲ. ಹರಳಿನ ಅಂಚಿನಲ್ಲಿ, ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಚಕ್ಕೆಯೊಂದು ಎದ್ದಿತ್ತು.

ಈಗ ಪ್ರತಿ ಶಿಫ್ಟಿನ ಆರಂಭದಲ್ಲಿ ಟ್ಯೂಬಿನ ತುದಿಗೆ ಪಿನ್ ಗೇಜ್ (ನಿಖರ ದಪ್ಪದ ಅಳತೆ ಪಿನ್) ಹಾಕಿ, ಸಡಿಲವಿಲ್ಲದೆ ಒಳಹೋಗುವ ಅತಿ ದಪ್ಪ ಪಿನ್ನಿನ ಅಳತೆಯನ್ನು ಬರೆದಿಡುತ್ತೇನೆ. ಆದರೆ ಪಿನ್ ಗೇಜನ್ನೊಂದೇ ನಂಬುವುದು ಸಾಲದು. ರಂಧ್ರ ಅಂಡಾಕಾರವಾಗಿದ್ದರೆ ದುಂಡನೆಯ ಪಿನ್ ಅದರ ಕಿರಿದಾದ ಅಗಲವನ್ನಷ್ಟೇ ತೋರಿಸುತ್ತದೆ. ಆದ್ದರಿಂದ ಭೂತಗನ್ನಡಿಯಲ್ಲಿ ನೋಡುವುದನ್ನು ಬಿಡುವುದಿಲ್ಲ. ಸವೆತ ದುಂಡಗಿದ್ದು ಕತ್ತರಿಕೆಯ ಅಗಲ 0.1 ಮಿ.ಮೀ. ಹೆಚ್ಚಿದ್ದರೆ ಯಂತ್ರದ ಆಫ್‌ಸೆಟ್‌ಗೆ (ಕತ್ತರಿಸಬೇಕಾದ ಅಂಚಿನಿಂದ ಎಳೆಯ ನಡುವನ್ನು ಪಕ್ಕಕ್ಕೆ ಸರಿಸುವ ಅಳತೆ) ಅದರ ಅರ್ಧ, 0.05 ಮಿ.ಮೀ. ಸೇರಿಸಿದರೆ ಅಳತೆ ಮತ್ತೆ ಕೂಡುತ್ತದೆ. ಅಂಡಾಕಾರದ ಸವೆತಕ್ಕೆ ಆಫ್‌ಸೆಟ್‌ನಲ್ಲಿ ಪರಿಹಾರವಿಲ್ಲ, ಏಕೆಂದರೆ ತಿದ್ದುಪಡಿ ಎಲ್ಲ ದಿಕ್ಕಿಗೂ ಒಂದೇ ಆಗಿರುತ್ತದೆ.

ಹೊಸ ಹರಳು ಕೂರಿಸುವ ಮುನ್ನ ಹರಳಿಲ್ಲದೆಯೇ ಕಡಿಮೆ ಒತ್ತಡದ ನೀರನ್ನು ಹರಿಸಿ ಲೈನನ್ನು ತೊಳೆಯುತ್ತೇನೆ. ಹಿಂದಿನ ಹರಳು ಏಕೆ ಒಡೆಯಿತೆಂದು ಹುಡುಕಿದಾಗ ಕೊಳವೆಯ ತಿರುಪಿನ ಥ್ರೆಡ್‌ನಿಂದ ಕಿತ್ತುಬಂದಂತಿದ್ದ ಲೋಹದ ಸಣ್ಣ ಚೂರೊಂದು ಆ ಲೈನಿನಲ್ಲಿಯೇ ಸಿಕ್ಕಿತ್ತು. ಅದನ್ನು ತೆಗೆದು ಹರಳು ಬದಲಿಸಿದ ಮೇಲೆ ಹಾಕಿದ ನಾಲ್ಕನೆಯ ಟ್ಯೂಬ್ ಸುಮಾರು 90 ಗಂಟೆ ನಡೆಯಿತು.