ಮಾಳಿಗೆ ಮೇಲಿನ ಹಬ್ಬ

2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂತು, ರಂಜಾನ್ ಮರುದಿನವೇ. ವಿಜಯಪುರದ ನಮ್ಮ ಓಣಿಯಲ್ಲಿ ಒಂದು ದಿನ ಬೇವು ಕುಡಿದ ಬಾಯಿಗೆ ಮಾರನೇ ದಿನ ಹಾಲು-ಶ್ಯಾವಿಗೆಯ ಸಿಹಿ ಸುರಕುಂಬಾ. ಅದೇ ಖುಷಿಯಲ್ಲಿ ಎದುರು ಮನೆ ಅಕ್ಕ ಕೇಳಿದರು, "ಹೆಣ್ಮಕ್ಕಳೆಲ್ಲಾ ಕೂಡಿ ಒಂದು ಸಂಜಿ ಹಬ್ಬ ಮಾಡೋಣೇನ? ನಿಮ್ಮ ಮಾಳಿಗಿ ದೊಡ್ಡದೈತಿ."

ನಮ್ಮ ಸಂಘದ ಲೆಕ್ಕ ಬರೆಯುವವಳು ನಾನು. ಸಭೆ ಕರೆದರೆ ಏಳೆಂಟು ಜನ ಬಂದರೆ ಹೆಚ್ಚು. ಎಲ್ಲಿಗೆ, ಯಾಕೆ, ಎಷ್ಟೊತ್ತಿಗೆ ವಾಪಸ್ಸು ಅಂತ ಮನೆಯಲ್ಲಿ ಉತ್ತರ ಕೊಟ್ಟೇ ನಮ್ಮ ಹೆಣ್ಣುಮಕ್ಕಳು ಸೋತಿರುತ್ತಾರೆ. ಹಬ್ಬ ಅಂದರೆ ಹಾಗಲ್ಲ. ಅತ್ತೆಯೇ ಮುಂದೆ ಹೊರಡುತ್ತಾಳೆ, ಸೊಸೆ, ಮೊಮ್ಮಕ್ಕಳು ಹಿಂದೆ. ಆ ಸಂಜೆ ಜನ ನಲವತ್ತು ದಾಟಿತು. ಚಾಪೆ ಸಾಲದೆ ಕೌದಿ ಹಾಸಿದೆವು. ದೂರದಲ್ಲಿ ಗೋಳಗುಮ್ಮಟ, ಕಾಲ ಕೆಳಗೆ ಬಿಸಿ ಇನ್ನೂ ಆರದ ಮಾಳಿಗೆ.

ತಿನ್ನೋದರ ಜೊತೆ ಮಾರೋದೂ ಇರಲಿ ಅಂತ ಮಾತಾಗಿತ್ತು. ಶೇಂಗಾ ಚಟ್ನಿ, ಹಪ್ಪಳ, ಹೊಲಿದ ಕೌದಿ ಎಲ್ಲಾ ಬಂದವು. ಮೂಲೆಯಲ್ಲಿ ನಮ್ಮ ಚಾಚಿ ಶ್ಯಾವಿಗೆ ಇಟ್ಟುಕೊಂಡು ಕೂತಿದ್ದರು.

ಚಾಚಿಯ ಕೈ ನೋಡಬೇಕು. ಶ್ಯಾವಿಗೆ ಮಶಿನ್ ತಿರುವಿ ತಿರುವಿ ಬಲಗೈ ಹೆಬ್ಬೆರಳ ಬುಡದಲ್ಲಿ ಚರ್ಮ ಗಟ್ಟಿಯಾಗಿ ಹೊಳೆಯುತ್ತದೆ. ಹಿಟ್ಟು ನಾದಿ, ಹದ ನೋಡಿ, ಎಳೆ ಹರಿಯದಂತೆ ಕೋಲಿಗೆ ಹಾಕಿ ಬಿಸಿಲಿಗೆ ಒಣಗಿಸುತ್ತಾರೆ. ಇಷ್ಟು ವರ್ಷ ಜನ ಹಿಟ್ಟು ತಂದುಕೊಟ್ಟು, ತಮಗೆ ತೋಚಿದಷ್ಟು ಕೂಲಿ ಇಟ್ಟು ಹೋಗುತ್ತಿದ್ದರು. ಚಾಚಿ ಎಣಿಸುತ್ತಲೂ ಇರಲಿಲ್ಲ. ಮನೆಗೆಲಸದ ಹಾಗೆ ಅದೂ ಒಂದು ಅಂತ ಎಲ್ಲರೂ ತಿಳಿದಿದ್ದೆವು. ನಾನೂ.

ಅಕ್ಕ ಒಂದು ಪೊಟ್ಟಣ ಎತ್ತಿ ಕೇಳಿದರು, "ಎಷ್ಟವ್ವಾ ಇದಕ್ಕ?"

ಚಾಚಿ ಸೆರಗು ನೋಡುತ್ತಾ ಏನೋ ಅಂದರು. ಕೇಳಿಸಲಿಲ್ಲ.

"ಗಟ್ಟಿಯಾಗಿ ಹೇಳ. ನಿನ್ನ ಮಾಲು, ನಿನ್ನ ರೇಟು."

"ಕಿಲೋಕ್ಕ ನೂರಾ ಅರವತ್ತ." ಹೇಳಿದ್ದೇ ತಡ, ಜಾಸ್ತಿ ಆಯಿತೇನೋ ಅನ್ನುವಂತೆ ನನ್ನ ಮುಖ ನೋಡಿದರು. ಅಕ್ಕ ಎರಡು ಕಿಲೋ ತೂಗಿಸಿಕೊಂಡರು.

ಕತ್ತಲಾದ ಮೇಲೆ ಹಾಡು ಶುರುವಾಯಿತು. ನನ್ನ ನಾನಿ ಬೀಸುಕಲ್ಲು ತರಿಸಿದ್ದರು. ಗೂಟ ಹಿಡಿದು ಚಕ್ಕಿನಾಮಾ ಎತ್ತಿಕೊಂಡರು. 17ನೇ ಶತಮಾನದಲ್ಲಿ ನಮ್ಮೂರ ಶಹಾಪುರ ದಿನ್ನೆಯ ಚಿಶ್ತಿ ಪಂಥದ ಸೂಫಿಗಳ ಬಳಗದಿಂದ ದಖ್ಖನಿ ಭಾಷೆಯಲ್ಲಿ ಬೆಳೆದು ಬಂದ ಹಾಡಿನ ಬಗೆ ಇದು. ಬೀಸುವ ಹೆಂಗಸರಿಗಾಗಿಯೇ ಕಟ್ಟಿದ್ದು. ಆ ಹಾಡುಗಳಲ್ಲಿ ಕಲ್ಲಿನ ಗೂಟವೇ ಅಲಿಫ್ ಅಕ್ಷರ, ಅಂದರೆ ಅಲ್ಲಾಹನ ಗುರುತು. ಒಂದೊಂದು ಸುತ್ತಿಗೆ ಒಂದೊಂದು ಸ್ಮರಣೆ. ದರ್ಗಾದ ಒಳಗೆ ದೊಡ್ಡ ದೊಡ್ಡವರು ಕೂತಿದ್ದರೆ, ಅದೇ ಜ್ಞಾನ ಹಿಟ್ಟಿನ ಜೊತೆ ಅಡುಗೆಮನೆಗೆ ಬಂತಲ್ಲ, ನನಗೆ ಅದು ಬಹಳ ಹೆಮ್ಮೆ.

ನಾನಿ ಉಸಿರು ತಗೊಳ್ಳಲು ನಿಂತರು. ಅಕ್ಕನ ಅತ್ತೆ ಸುಮ್ನೆ ಎದುರಿಗೆ ಬಂದು ಕೂತು, ಅದೇ ಗೂಟಕ್ಕೆ ಕೈ ಹಾಕಿ, ಕನ್ನಡದಲ್ಲಿ ಬೀಸುವ ಪದ ಹೇಳಿದರು. ಕಲ್ಲಿನ ಓಟ ತಪ್ಪಲಿಲ್ಲ. ಅವರು ನಿಂತಾಗ ನಾನಿ, ನಾನಿ ನಿಂತಾಗ ಅವರು. ಇಬ್ಬರ ನಾಲ್ಕು ಕೈ ಒಂದೇ ಗೂಟದ ಮೇಲೆ. ಹುಡುಗಿಯರು ಮೊಬೈಲು ಕೆಳಗಿಟ್ಟು ಹತ್ತಿರ ಸರಿದರು. ಕಾಳು ಮುಗಿದು ಬರೀ ಕಲ್ಲು ತಿರುಗುತ್ತಿದ್ದರೂ ಯಾರೂ ಏಳಲಿಲ್ಲ.

ಚಾಚಿಯ ಶ್ಯಾವಿಗೆ ಅವತ್ತು ಪೂರ್ತಿ ಖರ್ಚಾಯಿತು. ದುಡ್ಡು ಸೆರಗಿನ ತುದಿಗೆ ಕಟ್ಟಿಕೊಂಡು, ಮೆಟ್ಟಿಲ ಮೇಲೆ ನಿಂತು ಮತ್ತೆ ಬಿಚ್ಚಿ ಎಣಿಸಿದರು. ಎಂಟನೇ ಕ್ಲಾಸಿನ ಮಗಳಿಗೆ ಹೇಳಿ ಒಂದು ನೋಟ್‌ಬುಕ್ ಮಾಡಿಸಿದರು. ಯಾರಿಗೆ, ಎಷ್ಟು ಕಿಲೋ, ಬಾಕಿ ಎಷ್ಟು, ಎಲ್ಲಾ ಕನ್ನಡದಲ್ಲಿ.

ಜುಲೈ 6ಕ್ಕೆ ಮೊಹರಂ. ಅದಕ್ಕೂ ಮೊದಲೇ ಅಕ್ಕ ಮೊಹರಂನ ಸಿಹಿ ತಿಂಡಿ ಚೊಂಗೆ ಮಾಡಿಕೊಡಲು ಚಾಚಿಗೆ ಹೇಳಿ ಹೋಗಲು ಬಂದರು. ಅವರ ಮನೆಯಲ್ಲೂ ದೇವರಿಗೆ ಚೊಂಗೆ ಮುಟ್ಟಿಸುವ ಪದ್ಧತಿ ಇದೆ. ಕೇಳುವ ಮೊದಲೇ ಚಾಚಿ ರೇಟು ಹೇಳಿದರು. ಅಕ್ಕ ಹತ್ತು ರೂಪಾಯಿ ಇಳಿಸಲು ನೋಡಿದರು.

"ಆಗಂಗಿಲ್ರೀ ಅಕ್ಕಾ, ಬೆಲ್ಲ ತುಟ್ಟಿ ಆಗೇತಿ," ಅಂತ ಚಾಚಿ ನೋಟ್‌ಬುಕ್ ತೆಗೆದರು.