ಸಿಒಸಿ ಒಂದು, ಧ್ವಜ ಹಲವು

ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಹಡಗಿನ ಕೆಲಸಕ್ಕೆ ಹೊರಡುವ ಹುಡುಗರೂ ಅವರ ತಂದೆತಾಯಂದಿರೂ ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: ಭಾರತದಲ್ಲಿ ಪರೀಕ್ಷೆ ಪಾಸು ಮಾಡಿ ಪಡೆದ ಸಿಒಸಿ, ಅಂದರೆ ಸಾಮರ್ಥ್ಯ ಪ್ರಮಾಣಪತ್ರ, ಜಗತ್ತಿನ ಯಾವ ಹಡಗಿನಲ್ಲಾದರೂ ನಡೆಯುತ್ತದೆಯೇ? ತರಬೇತಿ ಸಂಸ್ಥೆಗಳ ಜಾಹೀರಾತು ನಡೆಯುತ್ತದೆ ಎನ್ನುತ್ತದೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಹಡಗುಯಾನದ ಮೇಲ್ವಿಚಾರಣೆ ನಡೆಸುವ ಕೇಂದ್ರ ಸರ್ಕಾರದ ಡಿಜಿ ಶಿಪ್ಪಿಂಗ್ ಅಧೀನದಲ್ಲಿ ನಡೆಯುವ ಲಿಖಿತ ಪರೀಕ್ಷೆ, ಅದಕ್ಕಿಂತ ಹೆಚ್ಚು ಬೆವರಿಳಿಸುವ ಓರಲ್ಸ್ ಎಂಬ ಮೌಖಿಕ ಪರೀಕ್ಷೆ, ಇವೆಲ್ಲ ಮುಗಿಸಿ ಕೈಗೆ ಬರುವ ಆ ಪ್ರಮಾಣಪತ್ರ ತನ್ನಷ್ಟಕ್ಕೆ ತಾನೇ ನಡೆಯುವುದು ಭಾರತದ ಧ್ವಜ ಹೊತ್ತ ಹಡಗಿನಲ್ಲಿ ಮಾತ್ರ. ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪಗಳು, ಸಿಂಗಾಪುರ, ಹೀಗೆ ಬೇರೆ ಯಾವ ಧ್ವಜದ ಹಡಗಿನಲ್ಲಿ ಅಧಿಕಾರಿಯಾಗಿ ನಿಲ್ಲಬೇಕಾದರೂ ಆ ದೇಶ ‘ಇವರ ಪ್ರಮಾಣಪತ್ರವನ್ನು ನಾವು ಒಪ್ಪಿದ್ದೇವೆ’ ಎಂದು ಬರೆದುಕೊಟ್ಟ ಎಂಡಾರ್ಸ್‌ಮೆಂಟ್ ಬೇಕು.

ಇದಕ್ಕೆ ಕಾರಣ ಕಡಲ ಕಾನೂನಿನ ಸ್ವಭಾವದಲ್ಲೇ ಇದೆ. ಹಡಗು ಎಲ್ಲಿ ನೋಂದಣಿಯಾಗಿದೆಯೋ ಆ ದೇಶವೇ ಅದರ ಧ್ವಜರಾಷ್ಟ್ರ. ಅದರ ಮೇಲೆ ನಿಂತವರ ಅರ್ಹತೆಗೆ ಹೊಣೆ ಆ ದೇಶದ್ದೇ. ಆದರೆ ಧ್ವಜ ಒಂದು ದೇಶದ್ದು, ಮಾಲೀಕತ್ವ ಇನ್ನೊಂದು ದೇಶದ್ದು, ಸಿಬ್ಬಂದಿ ಮತ್ತೆಲ್ಲಿಯವರೋ ಆಗಿರುವುದು ಈ ವೃತ್ತಿಯಲ್ಲಿ ಹಳೆಯ ಸಂಗತಿ. 1967ರ ಮಾರ್ಚ್ 18ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಾಚೆ ಬಂಡೆಸಾಲಿಗೆ ಬಡಿದು ಒಂದು ಲಕ್ಷ ಟನ್ನಿಗೂ ಹೆಚ್ಚು ಕಚ್ಚಾ ತೈಲ ಹೊತ್ತಿದ್ದ ಟೋರಿ ಕ್ಯಾನ್ಯನ್ ಒಡೆದಾಗ, ಅದು ಲೈಬೀರಿಯಾ ಧ್ವಜದ ಹಡಗಾಗಿತ್ತು, ಕ್ಯಾಪ್ಟನ್ ಇಟಲಿಯವರಾಗಿದ್ದರು, ತೈಲ ತೇಲಿಬಂದದ್ದು ಬ್ರಿಟನ್ ಮತ್ತು ಫ್ರಾನ್ಸಿನ ದಡಗಳಿಗೆ. ನಾವಿಕರ ತರಬೇತಿಗೆ ಅಂತರರಾಷ್ಟ್ರೀಯ ಅಳತೆಗೋಲು ಬೇಕೆಂಬ ಚರ್ಚೆಗೆ ಬಿಸಿ ಏರಿದ್ದು ಈ ಬಗೆಯ ಅಪಘಾತಗಳಿಂದ. 1978ರ ಜುಲೈ 7ರಂದು ಲಂಡನ್ನಿನಲ್ಲಿ ಅಂಗೀಕಾರವಾಗಿ 1984ರ ಏಪ್ರಿಲ್ 28ರಂದು ಜಾರಿಗೆ ಬಂದ ಎಸ್‌ಟಿಸಿಡಬ್ಲ್ಯು, ಅಂದರೆ ನಾವಿಕರ ತರಬೇತಿ, ಪ್ರಮಾಣೀಕರಣ ಮತ್ತು ಕಾವಲು ಪಾಳಿಯ ಒಪ್ಪಂದವೇ ಇಂದಿಗೂ ಈ ವ್ಯವಸ್ಥೆಯ ಬುನಾದಿ.

ಮೊದಲ ಆವೃತ್ತಿ ಬಹಳ ಸಡಿಲವಾಗಿತ್ತು. ಎಷ್ಟೋ ಅಂಶಗಳನ್ನು ‘ಆಡಳಿತಕ್ಕೆ ತೃಪ್ತಿಯಾಗುವಂತೆ’ ಎಂದು ಆಯಾ ದೇಶದ ವಿವೇಚನೆಗೆ ಬಿಟ್ಟಿದ್ದರಿಂದ, ಒಂದು ದೇಶದ ತೃಪ್ತಿ ಇನ್ನೊಂದು ದೇಶದ ಗಾಬರಿಯಾಗುತ್ತಿತ್ತು. 1995ರಲ್ಲಿ ಒಪ್ಪಂದವನ್ನು ಬಹುಮಟ್ಟಿಗೆ ಹೊಸದಾಗಿಯೇ ಬರೆದು, ಯಾವ ಹುದ್ದೆಯವನಿಗೆ ಏನೇನು ಗೊತ್ತಿರಬೇಕು, ಅದನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಕೋಷ್ಟಕಗಳಲ್ಲಿ ಕಟ್ಟಿಕೊಟ್ಟರು. 2010ರ ಮನಿಲಾ ತಿದ್ದುಪಡಿಗಳು ಅದನ್ನು ಇನ್ನಷ್ಟು ಬಿಗಿಗೊಳಿಸಿದವು. ವಿದೇಶಿ ಪ್ರಮಾಣಪತ್ರಗಳ ಮಾನ್ಯತೆಯ ವಿಷಯವೆಲ್ಲ ಇರುವುದು ಇದರ ನಿಯಮ 1/10ರಲ್ಲಿ. ಹಡಗಿನ ಮೇಲೆ ಕೆಲಸ ಮಾಡಿದವರಲ್ಲೂ ಆ ನಿಯಮವನ್ನು ಓದಿದವರು ಕಡಿಮೆ. ಆದರೆ ಬಡ್ತಿ, ಸಂಬಳ, ಕೆಲವೊಮ್ಮೆ ಕೆಲಸವೇ ಅದರ ಮೇಲೆ ನಿಂತಿರುತ್ತದೆ.

ಎಂಡಾರ್ಸ್‌ಮೆಂಟ್ ಎಂಬ ಹಾಳೆಯನ್ನೇ ಹತ್ತಿರದಿಂದ ನೋಡೋಣ. ಇಂಥ ದೇಶದ ಸರ್ಕಾರ ಇಂಥವರಿಗೆ ಕೊಟ್ಟ ಇಂಥ ಸಂಖ್ಯೆಯ ಪ್ರಮಾಣಪತ್ರವನ್ನು ನಿಯಮ 1/10ರ ಪ್ರಕಾರ ಮಾನ್ಯ ಮಾಡಲಾಗಿದೆ ಎಂಬ ಒಂದು ಉದ್ದ ವಾಕ್ಯ ಮೇಲಿರುತ್ತದೆ. ಕೆಳಗೆ ಮೂರು ಕಾಲಂ: ಯಾವ ಕಾರ್ಯ, ಯಾವ ಮಟ್ಟ, ಏನು ಮಿತಿ. ನೌಕಾಯಾನ, ಸರಕು ನಿರ್ವಹಣೆ, ಹಡಗಿನ ಕಾರ್ಯಾಚರಣೆ ಮತ್ತು ಜನರ ರಕ್ಷಣೆ, ಇವು ಡೆಕ್ಕಿನವರ ಕಾರ್ಯಗಳು. ಮಟ್ಟ ಎಂಬಲ್ಲಿ ಕಿರಿಯ ಡೆಕ್ ಅಧಿಕಾರಿಯಾದ ಸೆಕೆಂಡ್ ಮೇಟ್‌ಗೆ ಒಂದು ಶಬ್ದ, ಹಿರಿಯರಾದ ಚೀಫ್ ಮೇಟ್ ಮತ್ತು ಮಾಸ್ಟರ್‌ಗೆ, ಅಂದರೆ ಕ್ಯಾಪ್ಟನ್‌ಗೆ, ಇನ್ನೊಂದು. ಕೊನೆಯಲ್ಲಿ ಅವಧಿ. ಬಂದರಿನಲ್ಲಿ ತಪಾಸಣೆಗೆ ಬರುವ ಅಧಿಕಾರಿ ಮೂರು ಕಾಗದಗಳನ್ನು ಒಂದರ ಪಕ್ಕ ಒಂದು ಇಟ್ಟುಕೊಳ್ಳುತ್ತಾನೆ: ಹಡಗಿಗೆ ಎಷ್ಟು ಮಂದಿ, ಯಾವ ದರ್ಜೆಯವರು ಬೇಕೆಂದು ಹೇಳುವ ಸೇಫ್ ಮ್ಯಾನಿಂಗ್ ದಾಖಲೆ, ಮೂಲ ಸಿಒಸಿ, ಮತ್ತು ಈ ಎಂಡಾರ್ಸ್‌ಮೆಂಟ್. ಬೆರಳಿಟ್ಟು ಸಂಖ್ಯೆ ಓದುತ್ತಾನೆ, ದಿನಾಂಕ ನೋಡುತ್ತಾನೆ, ಮಿತಿಯ ಕಾಲಂನಲ್ಲಿ ಟನ್ನೇಜ್, ಅಂದರೆ ಹಡಗಿನ ಗಾತ್ರದ ಮಿತಿ, ಏನಾದರೂ ಬರೆದಿದೆಯೇ ಎಂದು ಹುಡುಕುತ್ತಾನೆ. ಆ ಹತ್ತು ನಿಮಿಷ ಬ್ರಿಡ್ಜ್‌ನಲ್ಲಿ ನಿಂತವನ ಇಪ್ಪತ್ತು ವರ್ಷಗಳ ಅನುಭವಕ್ಕೆ ಬೆಲೆಯಿಲ್ಲ; ಕಾಗದ ಸರಿಯಿಲ್ಲದಿದ್ದರೆ ಹಡಗು ಬಂದರು ಬಿಡುವುದಿಲ್ಲ.

ನಿಯಮದಲ್ಲಿ ಕೆಲವು ಸೂಕ್ಷ್ಮಗಳಿವೆ. ಮೂಲ ಪ್ರಮಾಣಪತ್ರದ ಅವಧಿ ಮುಗಿದ ದಿನ ಎಂಡಾರ್ಸ್‌ಮೆಂಟ್ ಕೂಡ ಸತ್ತಂತೆ. ಅದಕ್ಕಿಂತ ಮುಂದಕ್ಕೆ ಅದು ಹೋಗದು, ಐದು ವರ್ಷವನ್ನು ಹೇಗೂ ಮೀರದು. ಮಾನ್ಯತೆಯ ಮೇಲೆ ಮಾನ್ಯತೆ ಕಟ್ಟುವಂತಿಲ್ಲ: ಭಾರತದ ಸಿಒಸಿಗೆ ಲೈಬೀರಿಯಾ ಕೊಟ್ಟ ಎಂಡಾರ್ಸ್‌ಮೆಂಟನ್ನು ತೋರಿಸಿ ಸೈಪ್ರಸ್‌ನಲ್ಲಿ ಮಾನ್ಯತೆ ಕೇಳಲಾಗದು, ಪ್ರತಿ ಸಲವೂ ಮೂಲಕ್ಕೇ ಹೋಗಬೇಕು. ಚೀಫ್ ಮೇಟ್, ಮಾಸ್ಟರ್, ಸೆಕೆಂಡ್ ಮತ್ತು ಚೀಫ್ ಎಂಜಿನಿಯರ್ ಮಟ್ಟದವರಿಗೆ ಧ್ವಜರಾಷ್ಟ್ರದ ಕಡಲ ಕಾನೂನು ತಮ್ಮ ಕೆಲಸಕ್ಕೆ ಬೇಕಾದಷ್ಟು ಗೊತ್ತಿರಬೇಕು. ಬ್ರಿಟನ್ ಇದನ್ನು ಗಂಭೀರವಾಗಿ ತೆಗೆದುಕೊಂಡು, ಸಿಇಸಿ ಎಂಬ ತನ್ನ ಸಮಾನತಾ ಪ್ರಮಾಣಪತ್ರ ಕೊಡುವಾಗ ಈ ಮಟ್ಟದವರಿಗೆ ತನ್ನ ಕಾನೂನಿನ ಪರೀಕ್ಷೆಯನ್ನೂ ಇಟ್ಟಿದೆ. ಎಲ್ಲ ಧ್ವಜಗಳೂ ಅಷ್ಟು ದೂರ ಹೋಗುವುದಿಲ್ಲ.

ಮೂರು ತಿಂಗಳ ರಿಯಾಯಿತಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹಡಗಿಗೆ ಸಿಬ್ಬಂದಿ ಒದಗಿಸುವ ಮ್ಯಾನಿಂಗ್ ಏಜೆಂಟರು ಹುಡುಗರನ್ನು ಅವಸರದಲ್ಲಿ ಹಡಗು ಹತ್ತಿಸುವುದು ಇದರ ಆಧಾರದ ಮೇಲೆ. ಎಂಡಾರ್ಸ್‌ಮೆಂಟ್ ಕೈಗೆ ಬರುವ ಮೊದಲೇ, ಅರ್ಜಿ ಸಲ್ಲಿಸಿದ ಪುರಾವೆ ಹಡಗಿನಲ್ಲಿದ್ದರೆ, ಹೆಚ್ಚೆಂದರೆ ಮೂರು ತಿಂಗಳು ಕೆಲಸ ಮಾಡಲು ಧ್ವಜರಾಷ್ಟ್ರ ಅನುಮತಿ ಕೊಡಬಹುದು. ಕೊಡಬಹುದು ಎಂದಷ್ಟೇ, ಕೊಡಲೇಬೇಕೆಂದಿಲ್ಲ. ರೇಡಿಯೊ ಕೆಲಸಕ್ಕೆ ಈ ರಿಯಾಯಿತಿಯೇ ಇಲ್ಲ. ಇಂದು ಪ್ರತ್ಯೇಕ ರೇಡಿಯೊ ಅಧಿಕಾರಿಗಳು ವ್ಯಾಪಾರಿ ಹಡಗುಗಳಲ್ಲಿ ಹೆಚ್ಚುಕಡಿಮೆ ಇಲ್ಲವಾಗಿ ಆ ಹೊಣೆ ಡೆಕ್ ಅಧಿಕಾರಿಗಳ ಮೇಲೆಯೇ ಬಿದ್ದಿರುವುದರಿಂದ, ಜಿಎಂಡಿಎಸ್‌ಎಸ್ ಎಂಬ ಕಡಲ ತುರ್ತು ರೇಡಿಯೊ ವ್ಯವಸ್ಥೆಯ ಪ್ರಮಾಣಪತ್ರದ ಮಾನ್ಯತೆ ಬಾಕಿಯಿದ್ದರೆ ಸಿಒಸಿಯ ಮಟ್ಟಿಗೆ ಸಿಕ್ಕ ಮೂರು ತಿಂಗಳೂ ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಆಗಬಹುದು. ನನ್ನ ಪರಿಚಯದ ಒಬ್ಬ ಥರ್ಡ್ ಮೇಟ್‌ಗೆ ಏಜೆಂಟ್ ಅರ್ಜಿಯ ರಸೀದಿ ಕೊಟ್ಟು ಕಳಿಸಿದ್ದ. ರಸೀದಿಯಲ್ಲಿ ರೇಡಿಯೊ ಪ್ರಮಾಣಪತ್ರದ ಉಲ್ಲೇಖವೇ ಇರಲಿಲ್ಲ. ಮೊದಲ ಬಂದರಿನಲ್ಲೇ ಅದು ಸಿಕ್ಕಿಬಿತ್ತು, ಅವನು ಊರಿಗೆ ವಾಪಸಾದ.

ಇಷ್ಟು ಹೊತ್ತು ಕಾಗದದ ಮಾತಾಯಿತು. ನನ್ನ ಮುಖ್ಯ ತಕರಾರು ಇದರ ಹಿಂದಿನ ವ್ಯವಸ್ಥೆಯ ಬಗ್ಗೆ. ನಿಯಮ 1/10 ತೂಗುವುದು ವ್ಯಕ್ತಿಯನ್ನಲ್ಲ, ಅವನಿಗೆ ಪ್ರಮಾಣಪತ್ರ ಕೊಟ್ಟ ದೇಶವನ್ನು. ಆ ದೇಶದ ತರಬೇತಿ, ಪರೀಕ್ಷೆ, ಗುಣಮಟ್ಟ ನಿಯಂತ್ರಣ ಒಪ್ಪಂದಕ್ಕೆ ತಕ್ಕಂತಿವೆ ಎಂದು ಧ್ವಜರಾಷ್ಟ್ರ ಮೌಲ್ಯಮಾಪನ ಮಾಡಿ ಖಚಿತಪಡಿಸಿಕೊಳ್ಳಬೇಕು, ಮತ್ತು ಈ ಮೌಲ್ಯಮಾಪನದಲ್ಲಿ ಸ್ಥಳ ಪರಿಶೀಲನೆಯೂ ‘ಸೇರಿರಬಹುದು’. ಕಾಲೇಜಿಗೆ ಬಂದು ಸಿಮ್ಯುಲೇಟರ್ ಕೆಲಸ ಮಾಡುತ್ತದೆಯೇ ಎಂದು ನೋಡುವುದು ಕಡ್ಡಾಯವಲ್ಲ. ಅಂತರರಾಷ್ಟ್ರೀಯ ಕಡಲ ಸಂಸ್ಥೆ 2000ದ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಪ್ರಕಟಿಸಿದ ‘ಬಿಳಿ ಪಟ್ಟಿ’, ಅಂದರೆ ಒಪ್ಪಂದವನ್ನು ಪೂರ್ಣವಾಗಿ ಜಾರಿಗೊಳಿಸಿದ ಮಾಹಿತಿ ಸಲ್ಲಿಸಿದ ದೇಶಗಳ ಪಟ್ಟಿ, ಕೂಡ ಆ ದೇಶಗಳೇ ಕಳಿಸಿದ ವರದಿಗಳ ಮೇಲೆ ನಿಂತದ್ದು. ಆದ್ದರಿಂದ ಒಂದು ಧ್ವಜರಾಷ್ಟ್ರ ಪಟ್ಟಿ ನೋಡಿ, ಕಡತ ತಿರುವಿ, ಶುಲ್ಕ ಪಡೆದು ಎಂಡಾರ್ಸ್‌ಮೆಂಟ್ ಕೊಟ್ಟರೂ ನಿಯಮದ ಅಕ್ಷರ ಪಾಲನೆಯಾಗಿಯೇ ಇರುತ್ತದೆ.

ಇನ್ನೊಂದು ತುದಿಯಲ್ಲಿ ಯುರೋಪಿಯನ್ ಒಕ್ಕೂಟವಿದೆ. ಅಲ್ಲಿ ಸದಸ್ಯ ದೇಶಗಳು ಒಂದೊಂದಾಗಿ ಪರಿಶೀಲಿಸುವ ಬದಲು ಒಕ್ಕೂಟದ ಆಯೋಗವೇ ಎಲ್ಲರ ಪರವಾಗಿ ತೀರ್ಮಾನ ಮಾಡುತ್ತದೆ, ಲಿಸ್ಬನ್ನಿನಲ್ಲಿರುವ ಕಡಲ ಸುರಕ್ಷತಾ ಸಂಸ್ಥೆ ಎಮ್ಸಾ ತನ್ನ ತಪಾಸಕರನ್ನು ದೇಶದೇಶಕ್ಕೆ ಕಳಿಸುತ್ತದೆ. ಇವರು ನಿಜವಾಗಿಯೂ ತರಗತಿಯೊಳಗೆ ಹೋಗುತ್ತಾರೆ, ಪ್ರಶ್ನೆಪತ್ರಿಕೆ ಕೇಳುತ್ತಾರೆ, ಉಪನ್ಯಾಸಕರ ಅರ್ಹತೆ ನೋಡುತ್ತಾರೆ. ಇದು ನನಗೆ ಒಪ್ಪಿಗೆಯೇ. ಆದರೆ ತಪಾಸಣೆಯಲ್ಲಿ ದೇಶ ಸೋತಾಗ ಏನಾಗುತ್ತದೆ ಎಂಬುದನ್ನು ಜಾರ್ಜಿಯಾದ ನಾವಿಕರನ್ನು ಕೇಳಬೇಕು. ಕಪ್ಪು ಸಮುದ್ರದ ದಂಡೆಯ ಆ ಸಣ್ಣ ದೇಶದ ಪ್ರಮಾಣಪತ್ರಗಳ ಮಾನ್ಯತೆಯನ್ನು ಆಯೋಗ 2010ರ ನವೆಂಬರ್‌ನಲ್ಲಿ ಹಿಂತೆಗೆದುಕೊಂಡಿತು. ಮರಳಿ ಕೊಟ್ಟದ್ದು 2013ರ ಡಿಸೆಂಬರ್‌ನಲ್ಲಿ. ಯುರೋಪಿನ ಕಾನೂನು ಇಂಥ ಸಂದರ್ಭಕ್ಕೆ ಒಂದು ವಿಚಿತ್ರ ನಡುದಾರಿ ಇಟ್ಟಿದೆ: ಹಿಂತೆಗೆತಕ್ಕೆ ಮೊದಲು ಕೊಟ್ಟ ಎಂಡಾರ್ಸ್‌ಮೆಂಟ್‌ಗಳು ಊರ್ಜಿತವಾಗಿಯೇ ಉಳಿಯುತ್ತವೆ, ಆದರೆ ಕೇವಲ ಹೆಚ್ಚುವರಿ ಸಮುದ್ರಸೇವೆಯಿಂದ ಸಿಗುವ ಬಡ್ತಿಯ ಹೊರತು ಮೇಲಿನ ದರ್ಜೆಗೆ ಮಾನ್ಯತೆ ಕೇಳುವಂತಿಲ್ಲ. ಅಂದರೆ ಸೆಕೆಂಡ್ ಮೇಟ್ ಆಗಿದ್ದವನು ಊರಿಗೆ ಹೋಗಿ ಓದಿ ಮುಂದಿನ ಪರೀಕ್ಷೆ ಪಾಸಾದರೂ, ಯುರೋಪಿನ ಧ್ವಜದಡಿ ಅದಕ್ಕೆ ಬೆಲೆಯಿಲ್ಲ. ಪ್ರಮಾಣಪತ್ರವೇ ಇನ್ನೂ ಕೈಸೇರದಿದ್ದ ಕೆಡೆಟ್‌ಗೆ ಆ ಬಾಗಿಲು ಪೂರ್ತಿ ಮುಚ್ಚಿತ್ತು. ದೋಷ ದೇಶದ ಆಡಳಿತದ್ದು, ದಂಡ ತೆತ್ತವರು ಅದರ ಪಾಲಿಸಿಯನ್ನು ಬರೆಯದವರು.

ಫಿಲಿಪೀನ್ಸಿನ ಕಥೆ ಇನ್ನೂ ಉದ್ದ. 2006ರಲ್ಲಿ ಶುರುವಾದ ತಪಾಸಣೆಗಳು ಲೋಪಗಳನ್ನು ಪಟ್ಟಿಮಾಡುತ್ತ ಹೋದವು. ಅಲ್ಲಿನ ಸರ್ಕಾರ 2014ರಲ್ಲಿ ಕಾನೂನು ಮಾಡಿ, ಹಲವು ಇಲಾಖೆಗಳಲ್ಲಿ ಹಂಚಿಹೋಗಿದ್ದ ಅಧಿಕಾರವನ್ನು ಮರೀನಾ ಎಂಬ ಒಂದೇ ಪ್ರಾಧಿಕಾರಕ್ಕೆ ಕೊಟ್ಟಿತು. ಆದರೂ ದೂರುಗಳು ತೀರಲಿಲ್ಲ. ಕೊನೆಗೆ 2023ರ ಮಾರ್ಚ್ 31ರಂದು ಮಾನ್ಯತೆ ಮುಂದುವರಿಸುವುದಾಗಿ ಆಯೋಗ ಪ್ರಕಟಿಸಿತು. ಆಗ ಯುರೋಪಿನ ಧ್ವಜದ ಹಡಗುಗಳಲ್ಲಿ ಸುಮಾರು 50,000 ಫಿಲಿಪಿನೊ ಮಾಸ್ಟರ್‌ಗಳೂ ಅಧಿಕಾರಿಗಳೂ ಕೆಲಸ ಮಾಡುತ್ತಿದ್ದರು. ಜಾರ್ಜಿಯಾಕ್ಕೆ ಇಷ್ಟು ದೀರ್ಘ ತಾಳ್ಮೆ ಸಿಗದೆ ಫಿಲಿಪೀನ್ಸಿಗೆ ಏಕೆ ಸಿಕ್ಕಿತು ಎಂಬುದಕ್ಕೆ ಲೋಪಗಳ ಗಾತ್ರವಷ್ಟೇ ಕಾರಣವೆಂದು ನಂಬುವುದು ನನಗೆ ಕಷ್ಟ. ಅಷ್ಟು ಮಂದಿಯನ್ನು ಇಳಿಸಿದರೆ ಯುರೋಪಿನ ಹಡಗುಗಳೇ ನಿಲ್ಲುತ್ತಿದ್ದವು.

ಭಾರತದ ಪ್ರಮಾಣಪತ್ರಕ್ಕೆ ಯುರೋಪಿನ ಮಾನ್ಯತೆ ಇದೆ, ಮತ್ತು ನಮ್ಮ ಓರಲ್ಸ್‌ಗೆ ಕಡಲಲ್ಲಿ ಗೌರವವೂ ಇದೆ. ಆದರೆ ಆ ಗೌರವ ಶಾಶ್ವತವಲ್ಲ. 2019ರ ತಿದ್ದುಪಡಿಯ ನಂತರ ಮಾನ್ಯ ದೇಶಗಳನ್ನು ಆದ್ಯತೆಯ ಮೇಲೆ, ಹೆಚ್ಚೆಂದರೆ ಹತ್ತು ವರ್ಷಗಳೊಳಗೆ, ಮತ್ತೆ ಪರಿಶೀಲಿಸಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಹಾಜರಾತಿ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಐದು ದಿನದ ಕೋರ್ಸನ್ನು ಎರಡು ದಿನಕ್ಕೆ ಮುಗಿಸುವ ಸಂಸ್ಥೆ ಯಾವ ಊರಿನಲ್ಲೇ ಇರಲಿ, ಅದು ಪಣಕ್ಕಿಡುವುದು ತನ್ನ ವಿದ್ಯಾರ್ಥಿಗಳ ಪ್ರಮಾಣಪತ್ರವನ್ನಷ್ಟೇ ಅಲ್ಲ. ಅವರನ್ನು ಎಂದೂ ನೋಡದ, ಬೇರೆಲ್ಲೋ ನೆಟ್ಟಗೆ ಓದಿದ ಹುಡುಗನದನ್ನೂ. ರಜೆ ಉಳಿಯಿತೆಂದು ಅಂಥ ಕೋರ್ಸನ್ನು ಹೊಗಳುವ ನಮ್ಮವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅರ್ಹತೆಗೆ ಮಾನ್ಯತೆ ಸಿಕ್ಕಮಾತ್ರಕ್ಕೆ ಹುದ್ದೆ ಸಿಗುತ್ತದೆಂದೂ ಅಲ್ಲ. ಕ್ಯಾಪ್ಟನ್ ಹುದ್ದೆಯನ್ನು ತಮ್ಮ ಪ್ರಜೆಗಳಿಗೇ ಮೀಸಲಿಟ್ಟ ದೇಶಗಳಿವೆ. ಸ್ಪೇನ್ ಮತ್ತು ಜರ್ಮನಿಯ ಇಂಥ ನಿಯಮಗಳ ಬಗ್ಗೆ ಯುರೋಪಿನ ನ್ಯಾಯಾಲಯ 2003ರ ಸೆಪ್ಟೆಂಬರ್ 30ರಂದು ಎರಡು ತೀರ್ಪು ಕೊಟ್ಟಿತು: ಕ್ಯಾಪ್ಟನ್ನನು ಸರ್ಕಾರಿ ಅಧಿಕಾರವನ್ನು ನಿಜವಾಗಿ, ನಿಯತವಾಗಿ ಚಲಾಯಿಸುತ್ತಿದ್ದರೆ ಮಾತ್ರ ಮೀಸಲು ಸಲ್ಲುತ್ತದೆ, ಎಂದೋ ಒಮ್ಮೆ ಮರಣ ದಾಖಲಿಸುವ ಅಧಿಕಾರವಿದೆ ಎಂಬಷ್ಟಕ್ಕೆ ಸಲ್ಲದು. ಅದರ ಲಾಭ ಒಕ್ಕೂಟದ ಪ್ರಜೆಗಳಿಗೆ, ನಮಗಲ್ಲ.

ಹೊಸದಾಗಿ ಹಡಗು ಹತ್ತುವವರಿಗೆ ನಾನು ಹೇಳುವುದು ಇಷ್ಟು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಹಡಗಿನ ಧ್ವಜ ಯಾವುದೆಂದು ಕೇಳಿ; ಕಂಪನಿಯ ಹೆಸರಿಗಿಂತ ಅದು ಮುಖ್ಯ. ಎಂಡಾರ್ಸ್‌ಮೆಂಟ್‌ಗೆ ಅರ್ಜಿ ಹಾಕುವವರು ಯಾರು, ಶುಲ್ಕ ಯಾರದು, ರಸೀದಿಯಲ್ಲಿ ಸಿಒಸಿ, ಜಿಎಂಡಿಎಸ್‌ಎಸ್, ಟ್ಯಾಂಕರ್ ಆಗಿದ್ದರೆ ಅದರ ಪ್ರಮಾಣಪತ್ರ, ಎಲ್ಲದರ ಸಂಖ್ಯೆಯೂ ಇದೆಯೇ ಎಂದು ನೋಡಿ. ಸಿಒಸಿ ನವೀಕರಣಕ್ಕೆ ಆರು ತಿಂಗಳು ಇರುವಾಗ ಹೊಸ ಎಂಡಾರ್ಸ್‌ಮೆಂಟ್ ಮಾಡಿಸಿದರೆ ಅದೂ ಆರೇ ತಿಂಗಳಿಗೆ ಮುಗಿಯುತ್ತದೆ, ಹಾಗಾಗಿ ನವೀಕರಣ ಮೊದಲು ಮಾಡಿಸಿಕೊಳ್ಳಿ. 2025ರ ಜನವರಿ 1ರಿಂದ ಎಲೆಕ್ಟ್ರಾನಿಕ್ ಪ್ರಮಾಣಪತ್ರಗಳಿಗೂ ಒಪ್ಪಂದದಲ್ಲಿ ಜಾಗ ಸಿಕ್ಕಿದೆ, ಆದರೂ ಧ್ವಜರಾಷ್ಟ್ರ ಕಾಗದದ ಮೂಲಪ್ರತಿ ಕೊಟ್ಟಿದ್ದರೆ ಅದು ಹಡಗಿನಲ್ಲೇ ಇರಬೇಕು. ಮೊಬೈಲಿನಲ್ಲಿ ತೆಗೆದಿಟ್ಟ ಫೋಟೊ ತಪಾಸಕನ ಮುಂದೆ ನಡೆಯುವುದಿಲ್ಲ.