ಸಹಿ ಹಾಕುವ ಮುನ್ನ: ರಾಜೀನಾಮೆ ಮತ್ತು ವಜಾ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಜನರನ್ನು ಕಡಿಮೆ ಮಾಡುವ ಕಾಲ ಬಂದಾಗಲೆಲ್ಲ, ಎಚ್‌ಆರ್ ವಿಭಾಗದವರು ನೌಕರರನ್ನು ಕೋಣೆಗೆ ಕರೆದು, "ನೀವಾಗಿಯೇ ರಾಜೀನಾಮೆ ಕೊಟ್ಟರೆ ಒಳ್ಳೆಯ ಅನುಭವ ಪತ್ರ ಸಿಗುತ್ತದೆ, ಇಲ್ಲದಿದ್ದರೆ ವಜಾ ಮಾಡಬೇಕಾಗುತ್ತದೆ" ಎನ್ನುವುದನ್ನು ಸ್ನೇಹಿತರ ಬಾಯಲ್ಲಿ ಹಲವು ಸಲ ಕೇಳಿದ್ದೇನೆ. ಹೇಗೂ ಕೆಲಸ ಹೋಗುತ್ತದೆ, ಮರ್ಯಾದೆಯಾದರೂ ಉಳಿಯಲಿ ಎಂದು ಹೆಚ್ಚಿನವರು ಅಲ್ಲಿಯೇ ಸಹಿ ಹಾಕಿಬಿಡುತ್ತಾರೆ. ಇದು ನನಗೆ ಬಹಳ ಸಂಕಟದ ವಿಷಯ.

ರಾಜೀನಾಮೆಯನ್ನು ಕಾನೂನು ನೌಕರರ ಸ್ವಂತ ತೀರ್ಮಾನವೆಂದೇ ನೋಡುತ್ತದೆ. ವಜಾ ಮಾಡುವವರಾದರೋ ಕಾರಣ ತೋರಿಸಬೇಕು. ದುರ್ನಡತೆಯ ಆರೋಪವಿದ್ದರೆ ಆರೋಪಪಟ್ಟಿ ಕೊಟ್ಟು, ವಿಚಾರಣೆ ನಡೆಸಿ, ನೌಕರರ ಮಾತನ್ನೂ ಕೇಳಬೇಕು. ಯಾವ ಆರೋಪವೂ ಇಲ್ಲದೆ, ಕೆಲಸ ಕಡಿಮೆಯಾಯಿತೆಂದು ತೆಗೆಯುವುದಾದರೆ, ಕಾನೂನಿನ ಅರ್ಥದಲ್ಲಿ ಕಾರ್ಮಿಕರೆನಿಸಿ (ಮ್ಯಾನೇಜರ್ ಮಟ್ಟದ ಆಡಳಿತ ಹೊಣೆಯವರು ಇದರಲ್ಲಿ ಬರುವುದಿಲ್ಲ) ಒಂದು ವರ್ಷ ಸತತವಾಗಿ ದುಡಿದವರಿಗೆ ಒಂದು ತಿಂಗಳ ನೋಟಿಸ್ ಅಥವಾ ಆ ಅವಧಿಯ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನ ಪರಿಹಾರವಾಗಿ ಸಲ್ಲಬೇಕೆಂಬುದು 1947ರ ಕೈಗಾರಿಕಾ ವಿವಾದ ಕಾಯ್ದೆಯಿಂದ ಬಂದ ನಿಯಮ. ರಾಜೀನಾಮೆ ಕೊಟ್ಟವರಿಗೆ ಈ ಪರಿಹಾರವಿಲ್ಲ. ಒತ್ತಾಯದಿಂದ ಬರೆಸಿಕೊಂಡರೆಂದು ಮುಂದೆ ವಾದಿಸಬಹುದಾದರೂ, ಅದನ್ನು ಸಾಬೀತುಪಡಿಸುವ ಹೊಣೆ ಅವರ ಮೇಲೆಯೇ ಬೀಳುತ್ತದೆ.

ವಜಾ ಆದರೆ ಪಿಎಫ್, ಗ್ರಾಚ್ಯುಟಿ ಎಲ್ಲವೂ ಹೋಗುತ್ತವೆಂಬ ಭಯವೂ ಹಲವರ ಕೈಯಿಂದ ಸಹಿ ಹಾಕಿಸುತ್ತದೆ. ಪಿಎಫ್ ಹಣ ನೌಕರರದೇ. ಸಾಮಾನ್ಯವಾಗಿ 5 ವರ್ಷ ಸೇವೆ ಮುಗಿಸಿದವರಿಗೆ ಸಲ್ಲುವ ಗ್ರಾಚ್ಯುಟಿಯನ್ನು ತಡೆಹಿಡಿಯಲು ಸಂಸ್ಥೆಯ ಆಸ್ತಿಗೆ ಹಾನಿ, ಹಿಂಸಾಚಾರ, ಕಳ್ಳತನ, ವಂಚನೆಯಂತಹ ನೈತಿಕ ಅಧಃಪತನದ ಅಪರಾಧ ಮುಂತಾದ ಕೆಲವೇ ಕಾರಣಗಳಿವೆ; ವಜಾ ಎಂಬುದಷ್ಟೇ ಸಾಲದು.

ಕೊಟ್ಟ ರಾಜೀನಾಮೆಯನ್ನು ಹಿಂಪಡೆಯಲು ದಾರಿಯಿದೆ. ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯ ಅಧಿಕಾರಿಯೊಬ್ಬರು 1993ರ ಜನವರಿಯಲ್ಲಿ ಕೊಟ್ಟ ರಾಜೀನಾಮೆಯನ್ನು ಸಂಸ್ಥೆ ಅಂಗೀಕರಿಸಿತ್ತು. ಆದರೆ ಕೆಲಸದಿಂದ ಬಿಡುಗಡೆಯಾಗುವ ದಿನಕ್ಕೆ ಮೊದಲೇ ಅವರು ಅದನ್ನು ಹಿಂಪಡೆದಿದ್ದರಿಂದ, 2005ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ನೀಡಿತು. ಅದು ಸಾರ್ವಜನಿಕ ಉದ್ದಿಮೆಯ ಪ್ರಕರಣ, ಖಾಸಗಿ ಕಂಪನಿಯಲ್ಲಿ ಮರಳಿ ಕೆಲಸಕ್ಕೆ ಸೇರುವುದು ಇನ್ನೂ ಕಷ್ಟ. ಹಾಗಿದ್ದರೂ, ಒತ್ತಡದಲ್ಲಿ ಸಹಿ ಹಾಕಿದವರು ನೋಟಿಸ್ ಅವಧಿ ಮುಗಿಯುವವರೆಗೆ ಕಾಯದೆ, ನಡೆದದ್ದನ್ನೆಲ್ಲ ಬರೆದು ಅದೇ ದಿನ ಹಿಂಪಡೆಯುವ ಮೇಲ್ ಕಳುಹಿಸಿ, ಅದರ ಪ್ರತಿಯನ್ನು ತಮ್ಮ ಸ್ವಂತ ವಿಳಾಸಕ್ಕೂ ಹಾಕಿಕೊಳ್ಳಬೇಕು. ಕಚೇರಿಯ ಮೇಲ್ ಖಾತೆ ಯಾವ ಗಳಿಗೆಯಲ್ಲಾದರೂ ಮುಚ್ಚಬಹುದು.